ಸ್ವಿಚ್ಚಿನಲ್ಲಿ ಆಗಾಗ ತಲೆದೋರುವ ಪ್ಯಾಕೆಟ್ ನಷ್ಟ ಮತ್ತು ಅದರ ಪತ್ತೆ

ಕಂಪ್ಯೂಟರ್ ಜಾಲದಲ್ಲಿ ಒಂದು ತುದಿಯಿಂದ ಹೊರಟ ದತ್ತಾಂಶದ ತುಣುಕು, ಅಂದರೆ ಪ್ಯಾಕೆಟ್, ಇನ್ನೊಂದು ತುದಿ ಸೇರದೆ ಹೋಗುವುದೇ ಪ್ಯಾಕೆಟ್ ನಷ್ಟ. ಲಿಂಕ್ ಪೂರ್ತಿ ಕಡಿದುಹೋದರೆ, ಯಂತ್ರಗಳನ್ನು ಜೋಡಿಸುವ ಸ್ವಿಚ್ಚಿನ ಪೋರ್ಟಿನ ದೀಪ ಆರುತ್ತದೆ, ಕಾರಣವೂ ಬೇಗ ಸಿಗುತ್ತದೆ. ಆಗಾಗ ಕಾಣಿಸಿಕೊಂಡು, ತಾನಾಗಿ ಮರೆಯಾಗಿ, ಮತ್ತೆ ತಲೆದೋರುವ ನಷ್ಟದಲ್ಲಿ ಹಾಗಾಗುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ. ಇಮೇಲ್ ಹೋಗುತ್ತದೆ, ವೆಬ್ ಪುಟ ತೆರೆಯುತ್ತದೆ. ಆದರೆ ಫೋನ್ ಕರೆಯಲ್ಲಿ ಮಾತು ತುಂಡಾಗುತ್ತದೆ, ದೊಡ್ಡ ಫೈಲು ನಕಲಾಗಲು ಹೊತ್ತು ಹಿಡಿಯುತ್ತದೆ, ಬಿಲ್ಲಿಂಗ್ ತಂತ್ರಾಂಶ ದಿನಕ್ಕೆ ನಾಲ್ಕಾರು ಸಲ ಸರ್ವರಿನಿಂದ ಕಳಚಿಕೊಳ್ಳುತ್ತದೆ. ತಂತ್ರಜ್ಞ ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತದೆ.

ಈ ದೋಷಕ್ಕೆ ಒಂದೇ ಕಾರಣವಿಲ್ಲ. ಸರಿಯಾಗಿ ಕ್ರಿಂಪ್ ಆಗದ ಕನೆಕ್ಟರ್, ಧೂಳು ಕೂತ ಫೈಬರ್ ತುದಿ, ಎರಡು ಕಡೆ ಹೊಂದದ ಡ್ಯುಪ್ಲೆಕ್ಸ್, ತುಂಬಿ ಚೆಲ್ಲುವ ಬಫರ್ (ಪ್ಯಾಕೆಟ್ಟುಗಳು ಸರದಿ ಕಾಯುವ ಸ್ಮೃತಿ), ಮೇಜಿನ ಕೆಳಗೆ ಯಾರೋ ಅರಿಯದೆ ಮಾಡಿದ ಲೂಪ್, ಒಂದೇ ಐಪಿ ವಿಳಾಸ ಹೊತ್ತ ಎರಡು ಯಂತ್ರಗಳು: ಇವೆಲ್ಲ ಬಳಕೆದಾರರ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಶೇಕಡ ಇಷ್ಟು ಪ್ಯಾಕೆಟ್ ಹೋಯಿತು ಎಂಬ ಅಂಕಿಯೊಂದೇ ಪತ್ತೆಗೆ ಸಾಲದು. ಯಾರ ಪ್ಯಾಕೆಟ್ ಹೋಯಿತು, ಅದರ ಗಾತ್ರ ಎಷ್ಟು, ಯಾವ ಹೊತ್ತಿನಲ್ಲಿ ಹೋಯಿತು, ಬಿಡಿಬಿಡಿಯಾಗಿ ಹೋಯಿತೇ ಸಾಲಾಗಿ ಹೋಯಿತೇ ಎಂಬ ವಿವರಗಳಲ್ಲೇ ಕಾರಣದ ಜಾಡು ಇರುತ್ತದೆ.

ಹಿನ್ನೆಲೆ

ಈಥರ್‌ನೆಟ್‌ನ ಕಲ್ಪನೆಯನ್ನು ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಟಿಪ್ಪಣಿಯಾಗಿ ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದರು. ಆ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಎಲ್ಲ ಯಂತ್ರಗಳೂ ಒಂದೇ ಕೇಬಲ್ಲಿಗೆ ತಗುಲಿಕೊಂಡಿರುತ್ತಿದ್ದವು. ಇಬ್ಬರು ಒಟ್ಟಿಗೆ ಕಳಿಸಿದರೆ ಫ್ರೇಮುಗಳು, ಅಂದರೆ ಪ್ಯಾಕೆಟ್ ಹೊತ್ತ ಕಟ್ಟುಗಳು, ಡಿಕ್ಕಿಯಾಗಿ ಎರಡೂ ಹಾಳಾಗುತ್ತಿದ್ದವು. ಡಿಕ್ಕಿಯನ್ನು ಗುರುತಿಸಿ, ತುಸು ಕಾದು, ಮತ್ತೆ ಕಳಿಸುವುದು ಆ ವ್ಯವಸ್ಥೆಯ ಸಹಜ ನಡೆಯಾಗಿತ್ತು. 1983ರಲ್ಲಿ ಇದು ಐಇಇಇ 802.3 ಎಂಬ ಮಾನಕವಾಯಿತು.

1990ರಲ್ಲಿ ಅಮೆರಿಕದ ಕಲ್ಪನಾ ಎಂಬ ಕಂಪನಿ ಈಥರ್‌ಸ್ವಿಚ್ ಹೆಸರಿನ ಸಾಧನವನ್ನು ಮಾರುಕಟ್ಟೆಗೆ ತಂದಿತು. ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಈ ಕಂಪನಿಯನ್ನು 1994ರಲ್ಲಿ ಸಿಸ್ಕೊ ಕೊಂಡುಕೊಂಡಿತು. ಸ್ವಿಚ್ಚು ಪ್ರತಿ ಪೋರ್ಟಿಗೂ ಪ್ರತ್ಯೇಕ ಹಾದಿ ಕೊಟ್ಟಿತು. ಮುಂದೆ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸಾಗಿಸುವ ಫುಲ್ ಡ್ಯುಪ್ಲೆಕ್ಸ್ ರೂಢಿಗೆ ಬಂದಾಗ ಡಿಕ್ಕಿಯ ಪ್ರಶ್ನೆಯೇ ಉಳಿಯಲಿಲ್ಲ. ಆದರೆ ನಷ್ಟ ಕೇಬಲ್ಲಿನಿಂದ ಸ್ವಿಚ್ಚಿನ ಒಳಗಿನ ಬಫರಿಗೆ ಜಾಗ ಬದಲಿಸಿತು. ಹಿಂದೆ ಡಿಕ್ಕಿಯಾದರೆ ಕಳಿಸಿದವನಿಗೇ ಆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಸ್ವಿಚ್ಚು ಪ್ಯಾಕೆಟ್ಟನ್ನು ಕೈಬಿಟ್ಟರೆ ಯಾರಿಗೂ ಸುದ್ದಿ ಕೊಡುವುದಿಲ್ಲ. ತನ್ನೊಳಗಿನ ಒಂದು ಕೌಂಟರನ್ನು ಏರಿಸಿ ಸುಮ್ಮನಾಗುತ್ತದೆ.

ಯಾವ ನಷ್ಟ ದೋಷ, ಯಾವುದು ಅಲ್ಲ

ಎಲ್ಲ ನಷ್ಟವೂ ರೋಗವಲ್ಲ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಇದರ ಕಾರಣ ಹುಡುಕಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ, ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸಿ ದತ್ತಾಂಶ ತಲುಪಿಸುವ ಟಿಸಿಪಿ ಎಂಬ ನಿಯಮಾವಳಿಗೆ ಇಂದಿಗೂ ಬೆನ್ನೆಲುಬು: ಪ್ಯಾಕೆಟ್ ಕಳೆದರೆ ದಾರಿಯಲ್ಲಿ ದಟ್ಟಣೆ ಇದೆಯೆಂದು ತಿಳಿದು ವೇಗ ತಗ್ಗಿಸು. ಹೀಗೆ ದೊಡ್ಡ ಫೈಲು ಕಳಿಸುವ ಟಿಸಿಪಿ ವೇಗ ಏರಿಸುತ್ತ ಹೋಗಿ, ಒಂದೆರಡು ಪ್ಯಾಕೆಟ್ ಕಳೆದುಕೊಂಡು, ತನ್ನ ಮಿತಿಯನ್ನು ತಾನೇ ಕಂಡುಕೊಳ್ಳುತ್ತದೆ.

ತೊಂದರೆ ಇರುವುದು ದಟ್ಟಣೆಯಿಲ್ಲದೆ ಆಗುವ ನಷ್ಟದಲ್ಲಿ. ಹಾಳಾದ ಕೇಬಲ್ಲಿನಿಂದ ಪ್ಯಾಕೆಟ್ ಹೋದರೂ ಟಿಸಿಪಿ ಅದನ್ನು ದಟ್ಟಣೆ ಎಂದೇ ಓದಿ ಸುಮ್ಮನೆ ವೇಗ ಇಳಿಸುತ್ತದೆ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಮಾಮೂಲಿ ಟಿಸಿಪಿಯಲ್ಲಿ ಸಿಗುವ ವೇಗ ನಷ್ಟದ ಪ್ರಮಾಣದ ವರ್ಗಮೂಲಕ್ಕೆ ಮತ್ತು ಹೋಗಿಬರುವ ಸಮಯಕ್ಕೆ ವಿಲೋಮವಾಗಿರುತ್ತದೆ. 1460 ಬೈಟಿನ ತುಣುಕು, 50 ಮಿಲಿಸೆಕೆಂಡಿನ ಹೋಗಿಬರುವ ಸಮಯ ಎಂದಿಟ್ಟುಕೊಂಡರೆ, ಶೇ. 1ರ ನಷ್ಟದಲ್ಲಿ ಒಂದು ಸಂಪರ್ಕಕ್ಕೆ ಸೆಕೆಂಡಿಗೆ ಮೂರು ಮೆಗಾಬಿಟ್ಟೂ ದಕ್ಕುವುದಿಲ್ಲ. ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಹೋದರೂ ವೇಗ 29 ಮೆಗಾಬಿಟ್ ದಾಟದು. ಲಿಂಕಿನ ವೇಗ ಒಂದು ಗಿಗಾಬಿಟ್ ಇದ್ದರೂ ಅಷ್ಟೇ. ‘ಶೇ. 1 ತಾನೇ’ ಎಂದು ತಳ್ಳಿಹಾಕುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ನಷ್ಟದ ಹಂಚಿಕೆಯೂ ಅಷ್ಟೇ ಮುಖ್ಯ. ಫೋನ್ ಕರೆಯ ಒಂದು ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತಿರುತ್ತದೆ. ಬಿಡಿಯಾಗಿ ಒಂದು ಹೋದರೆ ತಂತ್ರಾಂಶ ಅಕ್ಕಪಕ್ಕದ ಧ್ವನಿಯಿಂದ ತೇಪೆ ಹಾಕುತ್ತದೆ, ಕಿವಿಗೆ ತಿಳಿಯುವುದಿಲ್ಲ. ಸಾಲಾಗಿ ಹತ್ತು ಹೋದರೆ ಒಂದು ಅಕ್ಷರವೇ ನುಂಗಿಹೋಗುತ್ತದೆ. ಹತ್ತು ಬಿಡಿಬಿಡಿಯಾಗಿ ಹೋದರೂ ಸಾಲಾಗಿ ಹೋದರೂ ಸಾವಿರಕ್ಕೆ ಹತ್ತು ಎಂಬ ಲೆಕ್ಕ ಒಂದೇ. ಬೆಲ್ ಪ್ರಯೋಗಾಲಯದ ಇ. ಎನ್. ಗಿಲ್ಬರ್ಟ್ 1960ರಲ್ಲೇ, ಸಂಪರ್ಕದ ಹಾದಿಯೊಂದು ಒಳ್ಳೆಯ ಮತ್ತು ಕೆಟ್ಟ ಎಂಬ ಎರಡು ಸ್ಥಿತಿಗಳ ನಡುವೆ ಓಲಾಡುತ್ತದೆಂದು ಭಾವಿಸಿ ಇಂಥ ಗೊಂಚಲು ನಷ್ಟಕ್ಕೆ ಗಣಿತದ ಮಾದರಿ ಕೊಟ್ಟಿದ್ದರು.

ಕೌಂಟರುಗಳ ಓದು

ಪತ್ತೆಯ ಮೊದಲ ಹೆಜ್ಜೆ ಪ್ರಶ್ನೆ ಕಳಿಸಿ ಉತ್ತರ ಕಾಯುವ ಪಿಂಗ್ ಪರೀಕ್ಷೆ ಅಲ್ಲ, ಸ್ವಿಚ್ಚಿನ ಪೋರ್ಟ್ ಕೌಂಟರುಗಳನ್ನು ಓದುವುದು. 1991ರ ಆರ್‌ಎಫ್‌ಸಿ 1213 ಎಂಬ ಇಂಟರ್‌ನೆಟ್ ಮಾನಕದಲ್ಲಿ ನಿಗದಿಯಾದ ಪಟ್ಟಿಯಲ್ಲಿ ಎರಡು ಬಗೆಯ ಅಂಕಿಗಳು ಬೇರೆಬೇರೆಯಾಗಿವೆ: ದೋಷಗಳು ಮತ್ತು ಡ್ರಾಪ್‌ಗಳು. ದೋಷ ಎಂದರೆ ಫ್ರೇಮು ಕೆಟ್ಟು ಬಂದಿದೆ. ಡ್ರಾಪ್ ಎಂದರೆ ಫ್ರೇಮಿನಲ್ಲಿ ಯಾವ ಐಬೂ ಇಲ್ಲದಿದ್ದರೂ ಸ್ವಿಚ್ಚು ಅದನ್ನು ಕೈಬಿಟ್ಟಿದೆ; ಹೆಚ್ಚಿನ ಸಲ ಬಫರಿನಲ್ಲಿ ಜಾಗವಿಲ್ಲದ್ದರಿಂದ. ಈ ಎರಡರ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆಯೇ. ಒಳಬರುವ ಕಡೆ ದೋಷ ಏರುತ್ತಿದ್ದರೆ ಆ ಪೋರ್ಟಿಗೆ ಬರುವ ಕೇಬಲ್, ಕನೆಕ್ಟರ್, ಆಚೆ ತುದಿಯ ಕಾರ್ಡು ಇವುಗಳಲ್ಲೇ ಹುಡುಕಬೇಕು. ಹೊರಹೋಗುವ ಕಡೆ ಡ್ರಾಪ್ ಏರುತ್ತಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ; ಅಲ್ಲಿರುವುದು ದಟ್ಟಣೆ.

ಈಥರ್‌ನೆಟ್ ಫ್ರೇಮಿನ ಗಾತ್ರ 64ರಿಂದ 1518 ಬೈಟ್. ಕೊನೆಯ ನಾಲ್ಕು ಬೈಟುಗಳಲ್ಲಿ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಇರುತ್ತದೆ. ಪಡೆದವನು ತಾನೂ ಲೆಕ್ಕ ಹಾಕಿ ನೋಡಿ, ತಾಳೆಯಾಗದಿದ್ದರೆ ಫ್ರೇಮನ್ನು ಎಸೆಯುತ್ತಾನೆ. ಒಂದೇ ಒಂದು ಬಿಟ್ ಕೆಟ್ಟರೂ ಇಡೀ ಫ್ರೇಮು ಹೋಗುತ್ತದೆ. ಹಾಗಾಗಿ ಬಿಟ್ ದೋಷವಿರುವ ಲಿಂಕಿನಲ್ಲಿ ದೊಡ್ಡ ಪ್ಯಾಕೆಟ್ಟುಗಳು ಚಿಕ್ಕವಕ್ಕಿಂತ ಹೆಚ್ಚಾಗಿ ಸಾಯುತ್ತವೆ. ಚಿಕ್ಕ ಪಿಂಗ್ ಸಲೀಸಾಗಿ ಹೋಗಿಬಂದು ದೊಡ್ಡ ಪಿಂಗ್ ಆಗಾಗ ಬೀಳುತ್ತಿದ್ದರೆ ಇದನ್ನು ಮೊದಲು ಶಂಕಿಸಬೇಕು.

ಫ್ರೇಮನ್ನು ಪೂರ್ತಿ ಪಡೆದು, ಪರೀಕ್ಷಿಸಿ, ಆಮೇಲೆ ಕಳಿಸುವ ಸ್ವಿಚ್ಚಿನಲ್ಲಿ ಸಿಆರ್‌ಸಿ ದೋಷ ಕಂಡ ಪೋರ್ಟೇ ದೋಷದ ಜಾಗ. ವಿಳಾಸ ಓದಿದ ಕೂಡಲೇ ಕಳಿಸತೊಡಗುವ ಕಟ್-ಥ್ರೂ ಸ್ವಿಚ್ಚುಗಳಲ್ಲಿ ಹಾಗಲ್ಲ. ಸಿಆರ್‌ಸಿ ಕೊನೆಯಲ್ಲಿ ಬರುವುದರಿಂದ, ಫ್ರೇಮು ಕೆಟ್ಟಿದೆಯೆಂದು ತಿಳಿಯುವಷ್ಟರಲ್ಲಿ ಅದರ ಬಹುಪಾಲು ಆಚೆ ಹೋಗಿಬಿಟ್ಟಿರುತ್ತದೆ. ಕೆಟ್ಟ ಫ್ರೇಮು ಸ್ವಿಚ್ಚಿನಿಂದ ಸ್ವಿಚ್ಚಿಗೆ ದಾಟುತ್ತ ಎಲ್ಲ ಕಡೆ ದೋಷದ ಅಂಕಿ ಏರಿಸುತ್ತದೆ. ಅಂಥ ಜಾಲದಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ದೋಷ ಮೊದಲು ಎಣಿಕೆಯಾದ ಪೋರ್ಟನ್ನು ಹಿಡಿಯಬೇಕು.

ಕೌಂಟರಿನ ಒಟ್ಟು ಅಂಕಿ ನೋಡಿ ಗಾಬರಿಯಾಗಬಾರದು. ಎರಡು ವರ್ಷದಿಂದ ಓಡುತ್ತಿರುವ ಸ್ವಿಚ್ಚಿನಲ್ಲಿ ಹಿಂದೆಂದೋ ಆದದ್ದೂ ಅದರಲ್ಲಿ ಸೇರಿರುತ್ತದೆ. ನಿರ್ದಿಷ್ಟ ಸಮಯದಲ್ಲಿ ಅದು ಎಷ್ಟು ಏರಿತು ಎಂಬುದೇ ಲೆಕ್ಕ. ಹಳೆಯ 32 ಬಿಟ್ ಬೈಟ್ ಕೌಂಟರು ತುಂಬಿ ಹರಿಯುವ ಒಂದು ಗಿಗಾಬಿಟ್ ಲಿಂಕಿನಲ್ಲಿ 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಐದು ನಿಮಿಷಕ್ಕೊಮ್ಮೆ ಅದನ್ನು ಓದುವ ನಿಗಾ ತಂತ್ರಾಂಶ ತಪ್ಪು ಚಿತ್ರ ಬಿಡಿಸುತ್ತದೆ. 64 ಬಿಟ್ ಕೌಂಟರು ಬಂದದ್ದು ಇದಕ್ಕಾಗಿಯೇ.

ಕೇಬಲ್ ಮತ್ತು ಫೈಬರ್

ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್. ಅದರೊಳಗಿನ ನಾಲ್ಕು ಜೋಡಿ ತಂತಿಗಳ ಹೆಣಿಗೆಯೇ ಹೊರಗಿನ ಗದ್ದಲದಿಂದ ಅವುಗಳನ್ನು ಕಾಪಾಡುತ್ತದೆ. ಕ್ಯಾಟ್ 5ಇ ಕೇಬಲ್ಲನ್ನು ಕನೆಕ್ಟರಿಗೆ ಸೇರಿಸುವಾಗ 13 ಮಿಲಿಮೀಟರಿಗಿಂತ ಹೆಚ್ಚು ಹೆಣಿಗೆ ಬಿಚ್ಚಬಾರದೆಂಬ ನಿಯಮ ಅದಕ್ಕಾಗಿಯೇ ಇದೆ. ಅವಸರದಲ್ಲಿ ಕ್ರಿಂಪ್ ಮಾಡುವವರು ಹೆಚ್ಚಾಗಿ ಮುರಿಯುವ ನಿಯಮವೂ ಇದೇ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಆದ್ದರಿಂದ ವರ್ಷಗಟ್ಟಲೆ ಚೆನ್ನಾಗಿ ನಡೆದ ಕೇಬಲ್ ಹೊಸ ಸ್ವಿಚ್ ಹಾಕಿದ ದಿನವೇ ಕೈಕೊಡಬಹುದು. ದೋಷ ಮೊದಲಿಂದಲೂ ಇತ್ತು, ಬಳಕೆಯಾಗದ ಜೋಡಿಯಲ್ಲಿತ್ತು ಅಷ್ಟೆ. ಹೊಸ ಸ್ವಿಚ್ಚನ್ನು ಬೈಯುವ ಮೊದಲು ಹಳೆಯ ಕೇಬಲ್ಲನ್ನು ಪರೀಕ್ಷಿಸಬೇಕು.

ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ಲುಗಳು ಭಾರತದ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ನೋಡಲು ಥೇಟ್ ತಾಮ್ರದ್ದೇ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ತಂತಿ ಬಾಗಿದಲ್ಲಿ ಬೇಗ ಮುರಿಯುತ್ತದೆ, ಕ್ಯಾಮೆರಾಗಳಿಗೆ ಇದರಲ್ಲೇ ವಿದ್ಯುತ್ ಹರಿಸಿದರೆ ಬಿಸಿಯೇರುತ್ತದೆ. ಇವು ಕೇಬಲ್ಲಿನ ಮಾನಕಕ್ಕೆ ಒಪ್ಪುವಂಥವಲ್ಲ, ಉಳಿತಾಯದ ಹೆಸರಿನಲ್ಲಿ ಕೊಳ್ಳಬಾರದು. ಕಟ್ಟಡದಿಂದ ಕಟ್ಟಡಕ್ಕೆ ಬಯಲಿನಲ್ಲಿ ತಾಮ್ರ ಎಳೆಯುವುದೂ ಅಪಾಯ. ಮಳೆಗಾಲಕ್ಕೆ ಮುನ್ನ ಮಲೆನಾಡಿನಲ್ಲಿ ಗುಡುಗು ಸಿಡಿಲು ಸುರಿವ ದಿನಗಳಲ್ಲಿ ದೂರದ ಮಿಂಚೂ ಇಂಥ ತಂತಿಯಲ್ಲಿ ವಿದ್ಯುತ್ ಒತ್ತರ ಎಬ್ಬಿಸುತ್ತದೆ. ಪೋರ್ಟು ಪೂರ್ತಿ ಸುಟ್ಟರೆ ಒಳ್ಳೆಯದೇ, ಕಾರಣ ಕಣ್ಣಿಗೆ ಕಾಣುತ್ತದೆ. ಅರೆ ಏಟು ತಿಂದ ಪೋರ್ಟು ತಿಂಗಳುಗಟ್ಟಲೆ ಆಗಾಗ ಪ್ಯಾಕೆಟ್ ಕಳೆಯುತ್ತ ಕಾಡುತ್ತದೆ. ಕಟ್ಟಡಗಳ ನಡುವೆ ಫೈಬರ್ ಹಾಕುವುದೇ ಸರಿ.

ಫೈಬರಿನ ಶತ್ರು ಧೂಳು. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್. ಕಣ್ಣಿಗೆ ಕಾಣದ ಕಣವೂ ಅದನ್ನು ಮುಚ್ಚಬಲ್ಲದು. ಮೈಕ್ರೋಸಾಫ್ಟ್ ಸಂಶೋಧಕರು ಪಾಲ್ಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದತ್ತಾಂಶ ಕೇಂದ್ರಗಳಲ್ಲಿ ಫ್ರೇಮು ಕೆಟ್ಟು ಆಗುವ ನಷ್ಟಕ್ಕೆ ಕೊಳೆಯಾದ ಕನೆಕ್ಟರ್, ಬಾಗಿದ ಅಥವಾ ಪೆಟ್ಟಾದ ಫೈಬರ್, ಕ್ಷೀಣಿಸುತ್ತಿರುವ ಟ್ರಾನ್ಸ್‌ಮಿಟರ್, ಸಡಿಲವಾದ ಟ್ರಾನ್ಸೀವರ್ ಇವುಗಳನ್ನು ಕಾರಣವಾಗಿ ಗುರುತಿಸಿದೆ. ಹೆಚ್ಚಿನ ಟ್ರಾನ್ಸೀವರುಗಳು ತಮಗೆ ತಲುಪುವ ಬೆಳಕಿನ ಬಲವನ್ನು ಸ್ವಿಚ್ಚಿಗೆ ತಿಳಿಸುತ್ತವೆ. ಅಳವಡಿಸಿದ ದಿನದ ಅಂಕಿಯನ್ನು ಬರೆದಿಟ್ಟಿದ್ದರೆ, ಅದು 3 ಡೆಸಿಬೆಲ್ ಇಳಿದಾಗ ಬೆಳಕು ಅರ್ಧಕ್ಕರ್ಧ ಕಡಿಮೆಯಾಯಿತೆಂದು ತಿಳಿಯಬಹುದು. ಬಹುಪಾಲು ಕಡೆ ಆ ಅಂಕಿ ಬರೆದಿಟ್ಟಿರುವುದಿಲ್ಲ.

ಡ್ಯುಪ್ಲೆಕ್ಸ್ ಹೊಂದಾಣಿಕೆಯ ದೋಷ

ಹಳೆಯದಾದರೂ ಇದನ್ನು ಬಿಡಿಸಿ ನೋಡುವುದು ಒಳ್ಳೆಯದು. ನಷ್ಟದ ರೂಪ ಹೇಗೆ ಕಾರಣವನ್ನು ಬಿಟ್ಟುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಒಂದು ಕಡೆ ಯಾರೋ ಪೋರ್ಟನ್ನು 100 ಮೆಗಾಬಿಟ್, ಫುಲ್ ಡ್ಯುಪ್ಲೆಕ್ಸ್ ಎಂದು ಕೈಯಿಂದ ನಿಗದಿ ಮಾಡಿದ್ದಾರೆ. ಇನ್ನೊಂದು ಕಡೆ ಆಟೋ ಎಂದೇ ಇದೆ. ನಿಗದಿ ಮಾಡಿದ ಕಡೆಯದು ತನ್ನ ಸಾಮರ್ಥ್ಯವನ್ನು ಸಾರುವುದನ್ನು ನಿಲ್ಲಿಸುತ್ತದೆ. ಆಟೋ ಕಡೆಯದು ಸಂಕೇತದಿಂದ ವೇಗವನ್ನು ಊಹಿಸಬಲ್ಲದು, ಡ್ಯುಪ್ಲೆಕ್ಸನ್ನು ಊಹಿಸಲಾರದು. ಮಾನಕದ ಪ್ರಕಾರ ಹಾಫ್ ಡ್ಯುಪ್ಲೆಕ್ಸಿಗೆ, ಅಂದರೆ ಒಮ್ಮೆಗೆ ಒಂದೇ ದಿಕ್ಕಿನ ಸಾಗಣೆಗೆ, ಇಳಿಯುತ್ತದೆ. ಲಿಂಕ್ ಬರುತ್ತದೆ, ದೀಪ ಉರಿಯುತ್ತದೆ.

ಈಗ ಫುಲ್ ಕಡೆಯದು ತನಗೆ ಬೇಕಾದಾಗ ಕಳಿಸುತ್ತದೆ. ಹಾಫ್ ಕಡೆಯದು ತಾನು ಕಳಿಸುತ್ತಿರುವಾಗ ಏನಾದರೂ ಬಂದರೆ ಡಿಕ್ಕಿಯಾಯಿತೆಂದು ಅರ್ಧಕ್ಕೇ ನಿಲ್ಲಿಸುತ್ತದೆ. ಆ ತುಂಡು ಫ್ರೇಮು ಫುಲ್ ಕಡೆಯಲ್ಲಿ ಸಿಆರ್‌ಸಿ ದೋಷವಾಗಿ ಎಣಿಕೆಯಾಗುತ್ತದೆ. ಮೊದಲ 64 ಬೈಟ್ ದಾಟಿದ ಮೇಲೆ ಡಿಕ್ಕಿಯಾದರೆ ಅದು ತಡವಾದ ಡಿಕ್ಕಿ. ಅಂಥ ಫ್ರೇಮನ್ನು ಕಾರ್ಡು ಮತ್ತೆ ಕಳಿಸುವುದಿಲ್ಲ. ಒಂದು ಪೋರ್ಟಿನಲ್ಲಿ ತಡವಾದ ಡಿಕ್ಕಿ, ಅದರ ಎದುರು ಪೋರ್ಟಿನಲ್ಲಿ ಸಿಆರ್‌ಸಿ ದೋಷ ಒಟ್ಟಿಗೆ ಏರುತ್ತಿದ್ದರೆ ಬೇರೆ ಪುರಾವೆ ಬೇಡ.

ಪಿಂಗ್ ಮಾಡಿ ನೋಡಿದರೆ ಮಾತ್ರ ಎಲ್ಲ ಸರಿ ಕಾಣುತ್ತದೆ. ಪ್ರಶ್ನೆ ಹೋಗಿ, ಆಮೇಲೆ ಉತ್ತರ ಬರುವುದರಿಂದ ಎರಡು ದಿಕ್ಕಿನ ಸಾಗಣೆ ಒಂದೇ ಕ್ಷಣದಲ್ಲಿ ನಡೆಯುವುದು ಅಪರೂಪ. ಫೈಲು ನಕಲು ಮಾಡಿದಾಗ ಒಂದು ದಿಕ್ಕಿನಲ್ಲಿ ದತ್ತಾಂಶ, ಎದುರು ದಿಕ್ಕಿನಲ್ಲಿ ಸ್ವೀಕೃತಿಗಳು ಏಕಕಾಲಕ್ಕೆ ಹರಿಯುತ್ತವೆ, ಡಿಕ್ಕಿಗಳು ಸುರಿಯುತ್ತವೆ. ಪಿಂಗ್ ಸರಿ, ಫೈಲು ನಿಧಾನ ಎಂಬ ದೂರು ಬಂದರೆ ಈ ಎರಡು ಕೌಂಟರುಗಳನ್ನು ನೋಡಲು ಒಂದು ನಿಮಿಷ ಸಾಕು. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್ ಮಾನಕ ಆಟೋ ಮಾತುಕತೆಯನ್ನು ಕಡ್ಡಾಯ ಮಾಡಿದ ಮೇಲೆ ಈ ದೋಷ ಕಡಿಮೆಯಾಯಿತು. ಹಳೆಯ ಬಯೋಮೆಟ್ರಿಕ್ ಯಂತ್ರ, ಕಾರ್ಖಾನೆಯ ನಿಯಂತ್ರಕ, ಹಳೆ ಪ್ರಿಂಟರ್ ಇರುವ ಕಡೆ ಇನ್ನೂ ಸಿಗುತ್ತದೆ.

ಕ್ಷಣಿಕ ದಟ್ಟಣೆ

ಲಿಂಕಿನ ಬಳಕೆ ಶೇ. 1 ಎಂದು ಗ್ರಾಫ್ ತೋರಿಸುತ್ತಿರುವಾಗಲೇ ಆ ಪೋರ್ಟು ಪ್ಯಾಕೆಟ್ಟುಗಳನ್ನು ಎಸೆಯುತ್ತಿರಬಹುದು. ಸೆಕೆಂಡಿಗೊಮ್ಮೆ ಕೇವಲ 10 ಮಿಲಿಸೆಕೆಂಡು ಲಿಂಕ್ ಪೂರ್ತಿ ತುಂಬಿದರೆ ಸರಾಸರಿ ಬಳಕೆ ಶೇ. 1 ತಾನೇ. ವರ್ಷದ ಸರಾಸರಿ ಮಳೆಯಿಂದ ಒಂದು ರಾತ್ರಿಯ ನೆರೆಯನ್ನು ಅಳೆಯಲಾಗದ ಹಾಗೆ, ಐದು ನಿಮಿಷದ ಸರಾಸರಿಯಿಂದ ಈ ನಷ್ಟವನ್ನು ಹಿಡಿಯಲಾಗದು.

ಲೆಕ್ಕ ಹೀಗಿದೆ. ಸರ್ವರು 10 ಗಿಗಾಬಿಟ್ ಪೋರ್ಟಿನಲ್ಲಿದೆ, ಅದನ್ನು ಬಳಸುವ ಯಂತ್ರ 1 ಗಿಗಾಬಿಟ್ ಪೋರ್ಟಿನಲ್ಲಿ. ಸರ್ವರು ಒಮ್ಮೆಗೇ ಸುರಿದರೆ ಬಫರು ಸೆಕೆಂಡಿಗೆ 9 ಗಿಗಾಬಿಟ್ ವೇಗದಲ್ಲಿ ತುಂಬುತ್ತದೆ. ಆ ಪೋರ್ಟಿನ ಪಾಲಿಗೆ ಒಂದು ಮೆಗಾಬೈಟ್ ಬಫರು ಇದೆಯೆಂದರೆ ಒಂದು ಮಿಲಿಸೆಕೆಂಡು ಕಳೆಯುವ ಮೊದಲೇ ತುಂಬಿಹೋಗುತ್ತದೆ. ಆಮೇಲೆ ಬಂದದ್ದೆಲ್ಲ ಡ್ರಾಪ್. ಹತ್ತಾರು ಸರ್ವರುಗಳು ಒಂದೇ ಯಂತ್ರಕ್ಕೆ ಒಟ್ಟಿಗೆ ಉತ್ತರ ಕೊಟ್ಟಾಗಲೂ, ಇಪ್ಪತ್ತನಾಲ್ಕು ಕ್ಯಾಮೆರಾಗಳ ದೃಶ್ಯ ಒಂದೇ ಅಪ್‌ಲಿಂಕಿಗೆ ನುಗ್ಗಿದಾಗಲೂ ಆಗುವುದು ಇದೇ.

ಪರಿಹಾರವೆಂದು ಬಫರನ್ನು ಬೇಕಾದಷ್ಟು ಹಿಗ್ಗಿಸಿದರೆ ಪ್ಯಾಕೆಟ್ ಉಳಿಯುತ್ತದೆ, ಆದರೆ ಸರದಿಯಲ್ಲಿ ಕಾಯುತ್ತ ತಡವಾಗುತ್ತದೆ. ಕರೆಯ ಮಟ್ಟಿಗೆ ತಡವಾಗಿ ಬಂದ ಪ್ಯಾಕೆಟ್ಟೂ ಕಳೆದುಹೋದದ್ದಕ್ಕೆ ಸಮ. ಅಪ್‌ಲಿಂಕಿನ ವೇಗ ಹೆಚ್ಚಿಸುವುದು, ಮಾತಿನ ಪ್ಯಾಕೆಟ್ಟಿಗೆ ಪ್ರತ್ಯೇಕ ಸರದಿ ಕೊಡುವುದು, ರಾತ್ರಿ ನಡೆಯಬೇಕಾದ ಬ್ಯಾಕಪ್ಪನ್ನು ಹಗಲಿಂದ ತೆಗೆಯುವುದು ಇವೇ ಹೆಚ್ಚಿನ ಕಚೇರಿಗಳಿಗೆ ಸಾಕಾಗುವ ಉಪಾಯ.

1997ರ ಪಾಜ್ ಫ್ರೇಮ್ ಮಾನಕ ಇಲ್ಲೊಂದು ಗೋಜಲು ತರುತ್ತದೆ. ನಿಧಾನವಾದ ಯಂತ್ರವೊಂದು ‘ಸ್ವಲ್ಪ ತಡಿ’ ಎಂದು ಸ್ವಿಚ್ಚಿಗೆ ಹೇಳಬಹುದು. ಸ್ವಿಚ್ಚು ತಡೆದರೆ ಅದರ ಬಫರಿನಲ್ಲಿ ಆ ಯಂತ್ರದ ಪ್ಯಾಕೆಟ್ಟುಗಳು ಜಮೆಯಾಗಿ, ಸಂಬಂಧವೇ ಇಲ್ಲದ ಇನ್ನೊಬ್ಬರ ಪ್ಯಾಕೆಟ್ಟಿಗೆ ಜಾಗ ಸಿಗದೆ ಹೋಗುತ್ತದೆ. ದೂರು ಕೊಡುವವರ ಪೋರ್ಟಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಲೂಪ್ ಮತ್ತು ಸ್ಪ್ಯಾನಿಂಗ್ ಟ್ರೀ

ಈಥರ್‌ನೆಟ್ ಫ್ರೇಮಿಗೆ ಆಯುಸ್ಸಿನ ಮಿತಿ ಇಲ್ಲ. ಜಾಲದಲ್ಲಿ ವೃತ್ತ ಉಂಟಾದರೆ ಎಲ್ಲರಿಗೂ ಉದ್ದೇಶಿಸಿದ ಒಂದೇ ಫ್ರೇಮು ಸುತ್ತುತ್ತಲೇ ಇದ್ದು ಎಲ್ಲ ಲಿಂಕುಗಳನ್ನೂ ತುಂಬಿಬಿಡುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು. ಹೆಚ್ಚುವರಿ ಹಾದಿಗಳನ್ನು ಅದು ತಾನೇ ಮುಚ್ಚಿಡುತ್ತದೆ, ಬೇಕಾದಾಗ ತೆರೆಯುತ್ತದೆ. ಹಳೆಯ ರೂಪದಲ್ಲಿ ಒಂದು ಪೋರ್ಟು ಕೆಲಸಕ್ಕೆ ಬರಲು 15 ಮತ್ತು 15, ಒಟ್ಟು 30 ಸೆಕೆಂಡು ಬೇಕು. 2001ರ ಪರಿಷ್ಕೃತ ರೂಪದಲ್ಲಿ ಈ ಕಾಯುವಿಕೆ ತೀರ ಕಡಿಮೆ.

ಲೂಪಿಗಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಪೋರ್ಟುಗಳ ಸ್ಥಿತಿ ಬದಲಾದಾಗಲೆಲ್ಲ ಸ್ವಿಚ್ಚು, ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬ ತನ್ನ ಮ್ಯಾಕ್ ಪಟ್ಟಿಯನ್ನು ಬೇಗ ಮರೆಯುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ನೆನಪಿಡುವುದನ್ನು 15 ಸೆಕೆಂಡಿಗೆ ಇಳಿಸುತ್ತದೆ. ವಿಳಾಸ ಗೊತ್ತಿಲ್ಲದ ಫ್ರೇಮನ್ನು ಎಲ್ಲ ಪೋರ್ಟಿಗೂ ಕಳಿಸಬೇಕಾಗುತ್ತದೆ. ಬಳಕೆದಾರರ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸದಿದ್ದರೆ, ಬೆಳಿಗ್ಗೆ ಒಬ್ಬೊಬ್ಬರೇ ಬಂದು ಕಂಪ್ಯೂಟರ್ ಹಚ್ಚುವುದೂ ಇಂಥ ಬದಲಾವಣೆಯೆಂದೇ ಲೆಕ್ಕ. ಕಚೇರಿ ತೆರೆಯುವ ಹೊತ್ತಿನಲ್ಲೂ ಮುಚ್ಚುವ ಹೊತ್ತಿನಲ್ಲೂ ಮಾತ್ರ ಜಾಲ ತಡವರಿಸುತ್ತಿದ್ದರೆ ಸ್ವಿಚ್ಚಿನ ಲಾಗಿನಲ್ಲಿ ಈ ಬದಲಾವಣೆಗಳ ಎಣಿಕೆ ನೋಡಬೇಕು.

ಸ್ಪ್ಯಾನಿಂಗ್ ಟ್ರೀಗೆ ಮಿತಿಯಿದೆ ಎಂಬುದನ್ನು ಜಗತ್ತಿಗೆ ತೋರಿಸಿದ ಘಟನೆ 2002ರ ನವೆಂಬರ್ 13ರಂದು ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ ನಡೆಯಿತು. ವರ್ಷಗಳಿಂದ ತುಂಡುತುಂಡಾಗಿ ಬೆಳೆದಿದ್ದ ಆ ಆಸ್ಪತ್ರೆಯ ಜಾಲದಲ್ಲಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ದಾಟುವ ಹಂತಗಳು ಮಾನಕ ಸೂಚಿಸುವ ಏಳನ್ನು ಮೀರಿದ್ದವು. ಭಾರೀ ದತ್ತಾಂಶ ಹರಿದಾಗ ಜಾಲ ನಿಧಾನವಾಯಿತು, ಚೇತರಿಸಿಕೊಂಡಿತು, ಮತ್ತೆ ಕುಸಿಯಿತು. ಸುಮಾರು ನಾಲ್ಕು ದಿನ ವೈದ್ಯರೂ ದಾದಿಯರೂ ಕಾಗದದ ಮೇಲೆ ಕೆಲಸ ಮಾಡಬೇಕಾಯಿತು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ಇದನ್ನು ಮುಚ್ಚಿಡದೆ, ಬೇರೆ ಸಂಸ್ಥೆಗಳಿಗೆ ನೆರವಾಗಲೆಂದು ಬಹಿರಂಗವಾಗಿ ವಿವರಿಸಿದರು. ಜಾಲ ನಡೆಸುವವರಿಗೆ ಅವರು ಮಾಡಿದ ದೊಡ್ಡ ಉಪಕಾರವದು.

ಕೆಲವರಿಗೆ ಮಾತ್ರ ಆಗುವ ನಷ್ಟ

ಎರಡು ಸ್ವಿಚ್ಚುಗಳ ನಡುವೆ ನಾಲ್ಕು ಲಿಂಕುಗಳನ್ನು ಒಂದಾಗಿ ಕಟ್ಟಿರುವಲ್ಲಿ, ಯಾವ ಪ್ಯಾಕೆಟ್ ಯಾವ ಲಿಂಕಿನಲ್ಲಿ ಹೋಗಬೇಕೆಂದು ವಿಳಾಸಗಳ ಮೇಲೆ ಮಾಡಿದ ಒಂದು ಲೆಕ್ಕ ತೀರ್ಮಾನಿಸುತ್ತದೆ. ಒಂದು ಲಿಂಕ್ ಕೆಟ್ಟರೂ ಇನ್ನೂ ಉಸಿರಾಡುತ್ತಿದ್ದರೆ, ಯಂತ್ರಗಳ ಜೋಡಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ತೊಂದರೆ, ಉಳಿದವರಿಗೆ ಏನೂ ಇಲ್ಲ. ಒಂದೇ ಕಂಪ್ಯೂಟರಿನಿಂದ ಒಂದು ಸರ್ವರಿಗೆ ಸಂಪರ್ಕ ಸರಿಯಾಗಿದ್ದು ಪಕ್ಕದ ಸರ್ವರಿಗೆ ಕೆಟ್ಟಿರುತ್ತದೆ. ತಂತ್ರಜ್ಞರ ಲ್ಯಾಪ್‌ಟಾಪ್ ಒಳ್ಳೆಯ ಲಿಂಕಿಗೆ ಬಿದ್ದರೆ ಅವರಿಗೆ ದೋಷ ಎಂದೂ ಕಾಣದು. ದೂರು ಕೊಟ್ಟವರ ಮಾತನ್ನು ನಂಬಬೇಕು, ಅವರ ಯಂತ್ರದಿಂದಲೇ ಪರೀಕ್ಷಿಸಬೇಕು.

ಒಂದೇ ಐಪಿ ವಿಳಾಸ ಎರಡು ಯಂತ್ರಗಳಿಗೆ ಬಿದ್ದರೆ, ಉಳಿದವರ ನೆನಪಿನಲ್ಲಿ ಆ ವಿಳಾಸ ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ಸೇರಿ, ಸಂಪರ್ಕ ನಿಮಿಷಗಟ್ಟಲೆ ಬಂದುಹೋಗುತ್ತದೆ. ಕೈಯಿಂದ ವಿಳಾಸ ಕೊಟ್ಟ ಪ್ರಿಂಟರನ್ನು ಹಚ್ಚಿದಾಗ ಮಾತ್ರ ಒಬ್ಬರ ಕಂಪ್ಯೂಟರ್ ಜಾಲದಿಂದ ಬೀಳುವುದು ಇದರ ಸಾಮಾನ್ಯ ರೂಪ. ಇನ್ನು 9000 ಬೈಟಿನ ದೊಡ್ಡ ಫ್ರೇಮುಗಳನ್ನು ಬಳಸುವ ಜಾಲದಲ್ಲಿ ನಡುವಿನ ಒಂದು ಸ್ವಿಚ್ಚು 1500ಕ್ಕೇ ನಿಂತಿದ್ದರೆ ಚಿಕ್ಕವೆಲ್ಲ ದಾಟುತ್ತವೆ, ದೊಡ್ಡವೆಲ್ಲ ಬೀಳುತ್ತವೆ. ತುಂಡು ಮಾಡಬಾರದೆಂಬ ಗುರುತಿನೊಂದಿಗೆ 1472 ಬೈಟಿನ ಪಿಂಗ್ ಕಳಿಸಿದರೆ, ಶೀರ್ಷಿಕೆಗಳು ಸೇರಿ ಸರಿಯಾಗಿ 1500 ಆಗುತ್ತದೆ. ಅದು ದಾಟಿ ಅದಕ್ಕಿಂತ ದೊಡ್ಡದು ಬಿದ್ದರೆ ಗಡಿ ಸಿಕ್ಕಂತೆ.

ಪತ್ತೆಯ ಕ್ರಮ

ಪಿಂಗ್ ತಂತ್ರಾಂಶವನ್ನು ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಬರೆದದ್ದೇ ಜಾಲದ ವಿಚಿತ್ರ ವರ್ತನೆಯೊಂದನ್ನು ಹುಡುಕಲು. ಅದನ್ನು ಬಳಸುವಾಗ ಎರಡು ಎಚ್ಚರ ಬೇಕು. ಸ್ವಿಚ್ಚಿಗೇ ಪಿಂಗ್ ಮಾಡಬಾರದು, ಸ್ವಿಚ್ಚನ್ನು ದಾಟಿ ಮಾಡಬೇಕು. ಪ್ಯಾಕೆಟ್ಟುಗಳನ್ನು ಸಾಗಿಸುವುದು ಸ್ವಿಚ್ಚಿನ ಚಿಪ್ಪು. ಪಿಂಗಿಗೆ ಉತ್ತರಿಸುವುದು ಅದರ ಪುಟ್ಟ ಪ್ರೊಸೆಸರ್, ಅದೂ ಬಿಡುವಾದಾಗ. ಅಲ್ಲಿ ಕಂಡ ನಷ್ಟ ಸುಳ್ಳು ನಷ್ಟವಾಗಿರಬಹುದು. ಹಾದಿಯ ಪ್ರತಿ ಹಂತವನ್ನೂ ತೋರಿಸುವ ಟ್ರೇಸ್‌ರೂಟ್ ಪರೀಕ್ಷೆ ನಡುವಿನ ಹಂತದಲ್ಲಿ ನಷ್ಟ ತೋರಿಸಿ ಕೊನೆಯ ಹಂತದಲ್ಲಿ ತೋರದಿದ್ದರೂ ಇದೇ ಅರ್ಥ.

ಎರಡನೆಯದು ಸಂಖ್ಯೆ. ಸಾವಿರಕ್ಕೊಂದು ಪ್ಯಾಕೆಟ್ ಕಳೆಯುವ ಲಿಂಕಿನಲ್ಲಿ ನೂರು ಪಿಂಗ್ ಕಳಿಸಿದರೆ ಒಂದೂ ಕಳೆಯದಿರುವ ಸಾಧ್ಯತೆ ಶೇ. 90. ನಷ್ಟ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯೆಂದು ಶೇ. 95ರ ಭರವಸೆಯಿಂದ ಹೇಳಲು ಮೂರು ಸಾವಿರ ಪಿಂಗ್ ಒಂದೂ ಬೀಳದೆ ಬರಬೇಕು. ನಾಲ್ಕು ಪಿಂಗ್ ನೋಡಿ ‘ಜಾಲ ಸರಿಯಿದೆ’ ಎಂದು ಎದ್ದುಹೋಗುವುದು ದೂರು ಕೊಟ್ಟವರಿಗೆ ಮಾಡುವ ಅನ್ಯಾಯ.

ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ಹಾದಿಯನ್ನು ಅರ್ಧ ಅರ್ಧ ಮಾಡುತ್ತ ಕಂಡುಕೊಳ್ಳಬಹುದು. ಎರಡು ತುದಿಗಳಲ್ಲಿ ಏಕಕಾಲಕ್ಕೆ ಪ್ಯಾಕೆಟ್ ಸೆರೆಹಿಡಿದು ಹೋಲಿಸಿದರೆ, ಇಲ್ಲಿ ಹೊರಟು ಅಲ್ಲಿ ತಲುಪದ್ದು ಯಾವುದೆಂದು ಖಚಿತವಾಗುತ್ತದೆ. ಜೆರಾಲ್ಡ್ ಕೊಂಬ್ಸ್ 1998ರಲ್ಲಿ ಆರಂಭಿಸಿದ, ಈಗ ವೈರ್‌ಶಾರ್ಕ್ ಎಂದು ಹೆಸರಾಗಿರುವ ಉಚಿತ ತಂತ್ರಾಂಶ ಇದಕ್ಕೆ ಸಾಕು. ಬೇರೆ ಪೋರ್ಟಿನ ಪ್ಯಾಕೆಟ್ಟುಗಳ ಪ್ರತಿ ಕೊಡುವ ಸ್ವಿಚ್ಚಿನ ಮಿರರ್ ಪೋರ್ಟಿನಿಂದ ಹಿಡಿಯುವಾಗ ಆ ಪೋರ್ಟೇ ತುಂಬಿ ಪ್ರತಿಗಳನ್ನು ಕೈಬಿಡಬಹುದು ಎಂಬುದು ನೆನಪಿರಲಿ. ಸ್ವಿಚ್ಚು ತಲುಪಿಸಿದ ಪ್ಯಾಕೆಟ್ಟನ್ನು ಕೊನೆಯ ಯಂತ್ರದ ನೆಟ್‌ವರ್ಕ್ ಕಾರ್ಡೇ ಕಳೆಯುವುದೂ ಉಂಟು. ಅದರ ಎಣಿಕೆ ಆ ಯಂತ್ರದಲ್ಲಿರುತ್ತದೆ.

ಎಲ್ಲ ಸಾಧನಗಳ ಗಡಿಯಾರ ಒಂದೇ ಸಮಯ ತೋರಿಸುವಂತಿರಬೇಕು. ‘ಹನ್ನೊಂದೂಕಾಲಕ್ಕೆ ಕರೆ ಕಡಿಯಿತು’ ಎಂಬ ಮಾತನ್ನು ಲಾಗಿನ ಸಾಲಿನೊಂದಿಗೆ ಹೊಂದಿಸಲು ಬೇರೆ ದಾರಿಯಿಲ್ಲ. ಬದಲಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಮೊದಲು ಪ್ಯಾಚ್ ಕಾರ್ಡು, ಆಮೇಲೆ ಪೋರ್ಟು, ಆಮೇಲೆ ಟ್ರಾನ್ಸೀವರ್. ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಕೌಂಟರು ಮತ್ತು ಲಾಗುಗಳನ್ನು ತೆಗೆದಿಡದೆ ಹಾಗೆ ಮಾಡಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ.

ಯಾವ ಕೌಂಟರೂ ಎಣಿಸದ ನಷ್ಟ

ಸ್ವಿಚ್ಚು ತಾನು ಕಳೆದದ್ದನ್ನು ತಾನೇ ಅರಿಯದಿರುವ ಸಂದರ್ಭಗಳೂ ಇವೆ. ಒಳಗಿನ ಸ್ಮೃತಿಯಲ್ಲಿ ಬಿಟ್ ಒಂದು ಮಗುಚಿ ದತ್ತಾಂಶ ಕೆಟ್ಟರೆ, ಹೊರಗೆ ಕಳಿಸುವಾಗ ಸಾಧನ ಕೆಟ್ಟ ದತ್ತಾಂಶಕ್ಕೇ ಹೊಸ ಸಿಆರ್‌ಸಿ ಲೆಕ್ಕ ಹಾಕಿಬಿಡಬಹುದು. ಮುಂದಿನವನಿಗೆ ಫ್ರೇಮು ಸರಿಯಾಗಿಯೇ ಕಾಣುತ್ತದೆ. ಜೊನಾಥನ್ ಸ್ಟೋನ್ ಮತ್ತು ಕ್ರೆಗ್ ಪಾರ್ಟ್ರಿಜ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಆರ್‌ಸಿ ಕಾವಲಿದ್ದ ಲಿಂಕುಗಳಲ್ಲೂ 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಪ್ಯಾಕೆಟ್ಟುಗಳು ಟಿಸಿಪಿಯ ತಾಳೆಯಲ್ಲಿ ಸೋತಿದ್ದವು. ಕೆಟ್ಟದ್ದು ತಂತಿಯಲ್ಲಲ್ಲ, ಯಂತ್ರಗಳ ಮತ್ತು ರೌಟರುಗಳ ಒಳಗೆ. ಇಂಥದನ್ನು ಹಿಡಿಯಬಲ್ಲವರು ಎರಡು ತುದಿಯವರು ಮಾತ್ರ.

ಮೈಕ್ರೋಸಾಫ್ಟ್ ತನ್ನ ದತ್ತಾಂಶ ಕೇಂದ್ರಗಳಲ್ಲಿ ನಡೆಸುತ್ತಿರುವುದಾಗಿ 2015ರಲ್ಲಿ ಪ್ರಕಟಿಸಿದ ಪಿಂಗ್‌ಮೆಶ್ ವ್ಯವಸ್ಥೆ ಈ ಯೋಚನೆಯ ಮೇಲೆಯೇ ನಿಂತಿದೆ. ಸ್ವಿಚ್ಚುಗಳ ಹೇಳಿಕೆಯನ್ನು ನೆಚ್ಚದೆ, ಸರ್ವರುಗಳೇ ಹಗಲೂ ರಾತ್ರಿ ಒಂದನ್ನೊಂದು ಟಿಸಿಪಿ ಸಂಪರ್ಕದಿಂದ ತಟ್ಟಿ ನೋಡುತ್ತವೆ. ಅಲ್ಲಿ ಮೊದಲ ಪ್ಯಾಕೆಟ್ ಕಳೆದರೆ ಮತ್ತೆ ಕಳಿಸುವ ಮುನ್ನ ಮೂರು ಸೆಕೆಂಡು ಕಾಯುವ ನಿಯಮವಿತ್ತು. ಹಾಗಾಗಿ ಸಂಪರ್ಕ ಏರ್ಪಡಲು ಸುಮಾರು ಮೂರು ಸೆಕೆಂಡು ಹಿಡಿದರೆ ಒಂದು ಪ್ಯಾಕೆಟ್ ಹೋಗಿದೆ, ಒಂಬತ್ತು ಹಿಡಿದರೆ ಎರಡು ಹೋಗಿವೆ ಎಂದು ಲೆಕ್ಕ. ಈ ತಂತ್ರದಿಂದ ಅವರು ಎರಡು ಬಗೆಯ ಸ್ವಿಚ್ ದೋಷ ಕಂಡರು. ಕೆಲವು ಸ್ವಿಚ್ಚುಗಳು ನಿರ್ದಿಷ್ಟ ವಿಳಾಸಗಳ ಜೋಡಿಯ ಪ್ಯಾಕೆಟ್ಟುಗಳನ್ನು ಮಾತ್ರ ಸತತವಾಗಿ ನುಂಗುತ್ತಿದ್ದವು. ಅವನ್ನು ರೀಬೂಟ್ ಮಾಡಿದರೆ ಸರಿಹೋಗುತ್ತಿತ್ತು. ಇನ್ನು ಕೆಲವು ಯಾರದೆಂದಿಲ್ಲದೆ, ಯಾವ ಕೌಂಟರಿಗೂ ಸಿಗದಂತೆ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಕಳೆಯುತ್ತಿದ್ದವು. ಅಂಥ ಸ್ವಿಚ್ಚನ್ನು ಮೊದಲು ಸಾಗಣೆಯ ಹಾದಿಯಿಂದ ಬೇರ್ಪಡಿಸಿ, ಆಮೇಲೆ ಅದರ ಯಂತ್ರಾಂಶವನ್ನು ಬದಲಿಸಬೇಕಾಗುತ್ತದೆ.